ಅಗಿಯುವ ಸಿಹಿಯ ಲೆಕ್ಕ: ಚ್ಯೂಯಿಂಗ್ ಗಮ್ ಮತ್ತು ಸಿಹಿ ಅಡಿಕೆ

ಊಟದ ಬಳಿಕ ಏನನ್ನಾದರೂ ಬಾಯಿಗಿಟ್ಟು ಅಗಿಯುವ ಅಭ್ಯಾಸ ಭಾರತೀಯರಿಗೆ ಹೊಸದೇನೂ ಅಲ್ಲ. ವೀಳ್ಯದೆಲೆ, ಅಡಿಕೆ, ಲವಂಗ, ಏಲಕ್ಕಿ, ಸೋಂಪು ಇವೆಲ್ಲ ಹಿರಿಯರ ಕಾಲದಲ್ಲಿ ಊಟದ ಕೊನೆಯ ಅಂಗಗಳೇ ಆಗಿದ್ದುವು. ಕಾಲ ಬದಲಾದಂತೆ ಇವುಗಳ ಸಾಲಿಗೆ ಪರದೇಶದಿಂದ ಬಂದ ಚ್ಯೂಯಿಂಗ್ ಗಮ್ ಸೇರಿಕೊಂಡಿದೆ. ನಾಗಪುರದ ಸೀತಾಬರ್ಡಿಯಲ್ಲಾಗಲಿ ಧರಂಪೇಠದಲ್ಲಾಗಲಿ ಒಂದು ಪಾನ್‌ಠೇಲಾದ ಮುಂದೆ ಕ್ಷಣಕಾಲ ನಿಂತರೆ ಈ ಎರಡು ಯುಗಗಳೂ ಅಕ್ಕಪಕ್ಕದಲ್ಲೇ ಕಾಣಸಿಗುತ್ತವೆ. ಒಂದು ಭರಣಿಯಲ್ಲಿ ಬಣ್ಣಬಣ್ಣದ ಕಾಗದ ಸುತ್ತಿದ ಗಮ್. ಅದರ ಮಗ್ಗುಲಲ್ಲಿ ಕತ್ತರಿಸಿದ ಅಡಿಕೆ, ಸುಣ್ಣ, ಎಲೆ.

ಈ ನಗರದ ಒಂದು ಕನ್ನಡ ಮನೆಯನ್ನು ಊಹಿಸಿಕೊಳ್ಳಬಹುದು. ಶಾಲೆಯಿಂದ ಬಂದ ಮಗಳ ಚೀಲದಲ್ಲಿ ಸಕ್ಕರೆರಹಿತ ಗಮ್‌ನ ಪೊಟ್ಟಣವೊಂದು ತಾಯಿಯ ಕಣ್ಣಿಗೆ ಬೀಳುತ್ತದೆ. "ಇದರಲ್ಲಿ ಕ್ಯಾನ್ಸರ್ ತರುವ ಪುಡಿ ಇದೆಯಂತೆ ಕಣೇ" ಎಂದು ಆಕೆ ಅದನ್ನು ಕಸದ ಬುಟ್ಟಿಗೆ ಎಸೆಯುತ್ತಾಳೆ. ಪಕ್ಕದ ಕೋಣೆಯಲ್ಲಿ ಶಿವಮೊಗ್ಗದಿಂದ ಬಂದಿರುವ ಅಜ್ಜ ಊಟ ಮುಗಿಸಿ ಎಲೆಯಡಿಕೆಯ ತಟ್ಟೆಯನ್ನು ಎಳೆದುಕೊಂಡಿದ್ದಾರೆ. ಕಚೇರಿಯಿಂದ ಬಂದ ಚಿಕ್ಕಪ್ಪನ ಜೇಬಿನಲ್ಲಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಖರ್ರಾ ಇದೆ. "ಅಜ್ಜ, ಚಿಕ್ಕಪ್ಪ ಅಗಿಯುವುದಕ್ಕೆ ನೀನು ಏನೂ ಅನ್ನೋದಿಲ್ಲವಲ್ಲಮ್ಮ?" ಎಂದು ಮಗಳು ಕೇಳಿದರೆ ತಾಯಿ ಏನು ಉತ್ತರ ಕೊಡಬೇಕು? ಗಮ್‌ನಲ್ಲಿ ಇರುವುದೇನು, ಅದರ ಅಪಾಯ ಎಷ್ಟು, ಅದೇ ಅಂಗಡಿಯ ಇತರ ಪದಾರ್ಥಗಳೊಡನೆ ತೂಗಿ ನೋಡಿದಾಗ ತಕ್ಕಡಿ ಯಾವ ಕಡೆಗೆ ಬಾಗುತ್ತದೆ ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಗಮ್‌ನಲ್ಲಿ ಏನಿದೆ?

ಚ್ಯೂಯಿಂಗ್ ಗಮ್‌ನ ಮೂಲ ಒಂದು ಮರದ ಹಾಲು. ಮಧ್ಯ ಅಮೆರಿಕದ ಕಾಡುಗಳಲ್ಲಿ ಬೆಳೆಯುವ ಆ ಮರ ಬೇರಾವುದೂ ಅಲ್ಲ, ಕನ್ನಡಿಗರು ತೋಟಗಳಲ್ಲಿ ಬೆಳೆಸುವ ಸಪೋಟವೇ. ಅದರ ಹಾಲಿಗೆ ಅಲ್ಲಿಯವರು ಚಿಕ್ಲೆ ಎನ್ನುತ್ತಾರೆ. 1871ರಲ್ಲಿ ಅಮೆರಿಕದ ಥಾಮಸ್ ಆಡಮ್ಸ್ ಎಂಬವನು ಇದರಿಂದ ಗಮ್ ತಯಾರಿಸುವ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಎರಡನೆಯ ಮಹಾಯುದ್ಧದ ನಂತರ ಬೇಡಿಕೆಗೆ ಸಾಕಾಗುವಷ್ಟು ಮರದ ಹಾಲು ದೊರೆಯದಾದಾಗ ಪಾಲಿವಿನೈಲ್ ಅಸಿಟೇಟ್, ಪಾಲಿಐಸೋಬ್ಯುಟಲೀನ್ ಮುಂತಾದ ಕೃತಕ ಪದಾರ್ಥಗಳು ಅದರ ಸ್ಥಾನವನ್ನು ಆಕ್ರಮಿಸಿದುವು. ಪೊಟ್ಟಣದ ಮೇಲೆ ಇವುಗಳನ್ನೆಲ್ಲ ಒಟ್ಟಾಗಿ 'ಗಮ್ ಬೇಸ್' ಎಂಬ ಎರಡೇ ಪದಗಳಲ್ಲಿ ಮುದ್ರಿಸಿರುತ್ತಾರೆ. ಈ ಅಂಟು ಜೀರ್ಣವಾಗುವುದಿಲ್ಲ. ಅಕಸ್ಮಾತ್ ನುಂಗಿದರೂ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಮಲದೊಡನೆ ಹೊರಗೆ ಹೋಗುತ್ತದೆ.

ಅಂಟಿಗೆ ರುಚಿ ಬೇಕು. ಸಾಮಾನ್ಯ ಗಮ್‌ನಲ್ಲಿ ಆ ಕೆಲಸವನ್ನು ಸಕ್ಕರೆ ಮಾಡುತ್ತದೆ. ಸಕ್ಕರೆರಹಿತ ಗಮ್‌ನಲ್ಲಿ ಎರಡು ಬಗೆಯ ಸಿಹಿಗಳು ಸೇರಿರುತ್ತವೆ. ಮೊದಲನೆಯದು ಸೋರ್ಬಿಟಾಲ್, ಮಾಲ್ಟಿಟಾಲ್, ಕ್ಸೈಲಿಟಾಲ್ ಮೊದಲಾದ, ಗಾತ್ರವನ್ನೂ ಮಿತವಾದ ಸಿಹಿಯನ್ನೂ ಕೊಡುವ ಪದಾರ್ಥಗಳು. ಎರಡನೆಯದು ಆಸ್ಪರ್ಟೇಮ್, ಅಸಿಸಲ್ಫೇಮ್, ಸುಕ್ರಲೋಸ್, ಸ್ಯಾಕರಿನ್ ಎಂಬ ತೀವ್ರ ಸಿಹಿಕಾರಕಗಳು. ಇವುಗಳಲ್ಲದೆ ಬಣ್ಣ, ಸುವಾಸನೆ, ಕೆಡದಂತೆ ಕಾಯುವ ರಾಸಾಯನಿಕ ಇತ್ಯಾದಿಗಳೂ ಇರುತ್ತವೆ. ಪೊಟ್ಟಣದ ಮೇಲೆ 951 ಎಂದಿದ್ದರೆ ಆಸ್ಪರ್ಟೇಮ್, 950 ಎಂದರೆ ಅಸಿಸಲ್ಫೇಮ್, 954 ಎಂದರೆ ಸ್ಯಾಕರಿನ್, 955 ಎಂದರೆ ಸುಕ್ರಲೋಸ್, 420 ಎಂದರೆ ಸೋರ್ಬಿಟಾಲ್ ಎಂದು ತಿಳಿಯಬೇಕು.

ಸ್ಯಾಕರಿನ್‌ನಿಂದ ಆಸ್ಪರ್ಟೇಮ್‌ವರೆಗೆ

ಕೃತಕ ಸಿಹಿಯ ಮೇಲಿನ ಸಂಶಯ ಇಂದು ನಿನ್ನೆಯದಲ್ಲ. 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಕಾನ್‌ಸ್ಟಾಂಟಿನ್ ಫಾಲ್‌ಬರ್ಗ್ ಎಂಬ ರಸಾಯನಶಾಸ್ತ್ರಜ್ಞನು ಟಾರಿನಿಂದ ದೊರೆತ ಪದಾರ್ಥಗಳನ್ನು ಪರೀಕ್ಷಿಸುತ್ತಿದ್ದಾಗ ಸ್ಯಾಕರಿನ್ ಬೆಳಕಿಗೆ ಬಂತು. ಇಲಿಗಳ ಮೂತ್ರಕೋಶದಲ್ಲಿ ಗೆಡ್ಡೆಗಳು ಕಂಡುಬಂದ ಕಾರಣ 1977ರಲ್ಲಿ ಅಮೆರಿಕ ಸರಕಾರ ಅದನ್ನು ನಿಷೇಧಿಸಲು ಹೊರಟಿತು. ಜನರ ವಿರೋಧದಿಂದಾಗಿ ನಿಷೇಧದ ಬದಲು ಎಚ್ಚರಿಕೆಯ ಚೀಟಿ ಕಡ್ಡಾಯವಾಯಿತು. ಆ ಗೆಡ್ಡೆಗಳು ಇಲಿಯ ಮೂತ್ರದ ವಿಶೇಷ ಗುಣದಿಂದ ಉಂಟಾಗುವಂಥವು, ಮನುಷ್ಯನಿಗೆ ಅನ್ವಯಿಸವು ಎಂದು ಮುಂದೆ ಸಿದ್ಧವಾದ್ದರಿಂದ 2000ದಲ್ಲಿ ಆ ಚೀಟಿಯನ್ನೂ ತೆಗೆದುಹಾಕಲಾಯಿತು.

ಆಸ್ಪರ್ಟೇಮ್‌ನ ಕಥೆಯೂ ಹೀಗೆಯೇ ಏರಿಳಿತದ್ದು. 1965ರಲ್ಲಿ ಜೇಮ್ಸ್ ಶ್ಲಾಟರ್ ಎಂಬ ವಿಜ್ಞಾನಿ ಬೇರೊಂದು ಔಷಧದ ಶೋಧದಲ್ಲಿದ್ದಾಗ ಇದರ ಸಿಹಿಯನ್ನು ಗುರುತಿಸಿದನು. ಸಕ್ಕರೆಗಿಂತ ಇದು ಸುಮಾರು 200 ಪಟ್ಟು ಸಿಹಿ. ಅಮೆರಿಕ 1974ರಲ್ಲಿ ಕೊಟ್ಟ ಅನುಮತಿಯನ್ನು ತಡೆಹಿಡಿದು, ವಿಚಾರಣೆಗಳ ಬಳಿಕ 1981ರಲ್ಲಿ ಮತ್ತೆ ಕೊಟ್ಟಿತು. 2023ರ ಜುಲೈ 14ರಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು '2ಬಿ' ವರ್ಗಕ್ಕೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದ ವಸ್ತುಗಳ ಗುಂಪಿಗೆ ಸೇರಿಸಿತು. ಮನೆಮನೆಗಳಲ್ಲಿ ಗಾಬರಿ ಹುಟ್ಟಿದ್ದು ಈ ಸುದ್ದಿಯಿಂದಲೇ.

ಆದರೆ ಈ ವರ್ಗೀಕರಣದ ಅರ್ಥವನ್ನು ಸರಿಯಾಗಿ ಗ್ರಹಿಸಬೇಕು. ಇದು ಅಪಾಯದ ಪ್ರಮಾಣವನ್ನು ಹೇಳುವುದಿಲ್ಲ, ಸಾಕ್ಷ್ಯದ ಬಲವನ್ನು ಮಾತ್ರ ಹೇಳುತ್ತದೆ. 2ಬಿ ಎಂದರೆ ಸಾಕ್ಷ್ಯ ಸೀಮಿತವಾದದ್ದು ಎಂದರ್ಥ. ಲೋಳೆಸರದ ಇಡೀ ಎಲೆಯ ಸಾರವೂ ಇದೇ ಗುಂಪಿನಲ್ಲಿದೆ. ಅದೇ ದಿನ ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಆಹಾರ ಮತ್ತು ಕೃಷಿ ಸಂಸ್ಥೆಗಳ ಜಂಟಿ ತಜ್ಞ ಸಮಿತಿ, 1981ರಿಂದ ಜಾರಿಯಲ್ಲಿರುವ ದೈನಿಕ ಮಿತಿಯನ್ನು ಬದಲಿಸಲು ಕಾರಣವಿಲ್ಲವೆಂದು ಪ್ರಕಟಿಸಿತು. ಆ ಮಿತಿ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 40 ಮಿಲಿಗ್ರಾಮ್.

ಸ್ವಲ್ಪ ಲೆಕ್ಕ

ಹೆದರಿಕೆಯನ್ನು ಅಳೆಯಲು ಲೆಕ್ಕಕ್ಕಿಂತ ಒಳ್ಳೆಯ ಸಾಧನವಿಲ್ಲ. 60 ಕಿಲೋ ತೂಕದ ವ್ಯಕ್ತಿಗೆ ದಿನಕ್ಕೆ ಆಸ್ಪರ್ಟೇಮ್‌ನ ಮಿತಿ 2,400 ಮಿಲಿಗ್ರಾಮ್. ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡದ ಪ್ರಕಾರ ಒಂದು ಕಿಲೋ ಗಮ್‌ನಲ್ಲಿ ಇರಬಹುದಾದ ಗರಿಷ್ಠ ಆಸ್ಪರ್ಟೇಮ್ 10 ಗ್ರಾಮ್. ಒಂದು ತುಂಡು ಗಮ್ ಒಂದೂವರೆ ಗ್ರಾಮ್ ತೂಗುತ್ತದೆಂದು ಇಟ್ಟುಕೊಂಡರೆ ಅದರಲ್ಲಿ ಹೆಚ್ಚೆಂದರೆ 15 ಮಿಲಿಗ್ರಾಮ್ ಇರಬಹುದು. ಮಿತಿಯನ್ನು ಮುಟ್ಟಲು ಆ ವ್ಯಕ್ತಿ ದಿನಕ್ಕೆ 160 ತುಂಡುಗಳನ್ನು ಅಗಿಯಬೇಕು. 15 ಕಿಲೋ ತೂಕದ ಮಗುವಾದರೆ 40 ತುಂಡು. ಇದು ಗಮ್ ಒಂದರ ಲೆಕ್ಕ ಮಾತ್ರ; ಸಕ್ಕರೆರಹಿತ ಪಾನೀಯ, ಮಾತ್ರೆ, ಸಿಹಿತಿಂಡಿಗಳೂ ಸೇರಿದರೆ ಮೊತ್ತ ಏರುತ್ತದೆ. ಆದರೂ ಗಮ್ ಒಂದರಿಂದಲೇ ಈ ಮಿತಿ ದಾಟುವುದು ಅಸಂಭವವೆಂದೇ ಹೇಳಬೇಕು.

ಇಲ್ಲಿ ಒಂದು ಅಪವಾದವುಂಟು. ಫೀನೈಲ್‌ಕೀಟೋನ್ಯೂರಿಯಾ ಎಂಬ ಅಪರೂಪದ ಹುಟ್ಟುರೋಗವಿರುವವರಿಗೆ ಆಸ್ಪರ್ಟೇಮ್ ಸ್ವಲ್ಪವೂ ಸಲ್ಲದು. ಅದರಲ್ಲಿರುವ ಫೀನೈಲ್ಅಲನೀನ್ ಎಂಬ ಅಂಶವನ್ನು ಅವರ ದೇಹ ಅರಗಿಸಲಾರದೆ, ಅದು ರಕ್ತದಲ್ಲಿ ಸಂಗ್ರಹವಾಗಿ ಮೆದುಳಿಗೆ ಹಾನಿ ಮಾಡುತ್ತದೆ. ಪೊಟ್ಟಣದ ಮೇಲಿನ ಎಚ್ಚರಿಕೆ ಇಂಥವರಿಗಾಗಿಯೇ ಇರುವುದು.

ತೂಕ ಇಳಿಸುವ ಆಸೆಯಿಂದ ಕೃತಕ ಸಿಹಿಗೆ ಮೊರೆಹೋಗುವವರೂ ಒಂದು ಮಾತನ್ನು ಗಮನಿಸಬೇಕು. ಈ ಉದ್ದೇಶಕ್ಕೆ ಇಂಥ ಸಿಹಿಕಾರಕಗಳನ್ನು ಬಳಸದಿರುವುದೇ ಒಳಿತೆಂದು 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಮಾಡಿದೆ. ದೀರ್ಘಾವಧಿಯಲ್ಲಿ ಇವುಗಳಿಂದ ಕೊಬ್ಬು ಕರಗುವ ಲಾಭ ಕಂಡುಬಂದಿಲ್ಲ. ಈ ಸಲಹೆ ಈಗಾಗಲೇ ಮಧುಮೇಹ ಇರುವವರನ್ನು ಕುರಿತದ್ದಲ್ಲ; ಅವರು ತಮ್ಮ ವೈದ್ಯರನ್ನೇ ಕೇಳುವುದು ಲೇಸು.

ಮೊದಲು ಕಾಡುವುದು ಹೊಟ್ಟೆ

ಆಸ್ಪರ್ಟೇಮ್‌ಗಿಂತ ಬಹಳ ಮೊದಲೇ ತೊಂದರೆ ಕೊಡಬಲ್ಲದ್ದು, ಯಾರೂ ಹೆಸರೆತ್ತದ ಸೋರ್ಬಿಟಾಲ್. ಇದು ಕರುಳಿನಲ್ಲಿ ಪೂರ್ತಿಯಾಗಿ ಹೀರಲ್ಪಡುವುದಿಲ್ಲ. ಅಲ್ಲಿಯೇ ಉಳಿದು ನೀರನ್ನು ತನ್ನೆಡೆಗೆ ಎಳೆದುಕೊಳ್ಳುತ್ತದೆ. ಹೊಟ್ಟೆಯುಬ್ಬರ ಮತ್ತು ಭೇದಿ ಇದರ ಫಲ. 2008ರಲ್ಲಿ ಬರ್ಲಿನ್ ನಗರದ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಬ್ಬರು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. 21 ವರ್ಷದ ಯುವತಿಯೊಬ್ಬಳು ತಿಂಗಳುಗಟ್ಟಲೆ ಭೇದಿಯಿಂದ ನರಳಿ 11 ಕಿಲೋ ತೂಕ ಕಳೆದುಕೊಂಡಿದ್ದಳು. 46 ವರ್ಷದ ಪುರುಷನೊಬ್ಬ 22 ಕಿಲೋ ಇಳಿದಿದ್ದನು. ಎಷ್ಟು ಪರೀಕ್ಷೆ ಮಾಡಿದರೂ ರೋಗ ಪತ್ತೆಯಾಗಲಿಲ್ಲ. ಕೊನೆಗೆ ಆಹಾರಾಭ್ಯಾಸವನ್ನು ವಿಚಾರಿಸಿದಾಗ ಇಬ್ಬರೂ ದಿನಕ್ಕೆ ಹದಿನೈದು ಇಪ್ಪತ್ತು ಸಕ್ಕರೆರಹಿತ ಗಮ್ ಅಗಿಯುವವರೆಂದು ತಿಳಿಯಿತು. ಒಂದೊಂದರಲ್ಲಿ ಸುಮಾರು ಒಂದೂಕಾಲು ಗ್ರಾಮ್ ಸೋರ್ಬಿಟಾಲ್ ಇತ್ತು. ಅದನ್ನು ಬಿಟ್ಟೊಡನೆ ಇಬ್ಬರೂ ಗುಣವಾದರು. ಅತಿಯಾದರೆ ಅಮೃತವೂ ವಿಷ ಎಂಬ ಹಿರಿಯರ ಮಾತಿಗೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಕಿತ್ತಳೆಯಿಲ್ಲದ ಕಿತ್ತಳೆ

ಇನ್ನು ಬಣ್ಣದ ವಿಚಾರ. ನಾಗಪುರದ ಕಿತ್ತಳೆಗೆ 2014ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಇಂಥ ಊರಿನ ಮಕ್ಕಳೂ ಕಿತ್ತಳೆ ರುಚಿಯ ಗಮ್ ಕೊಳ್ಳುತ್ತಾರೆ. ಅಂಥ ಗಮ್‌ನ ಬಣ್ಣ ಬಹುಮಟ್ಟಿಗೆ ಸನ್‌ಸೆಟ್ ಯೆಲ್ಲೊ, ಅಂದರೆ 110 ಎಂಬ ಸಂಖ್ಯೆಯ ಕೃತಕ ವರ್ಣದ್ದು, ಹಣ್ಣಿನದಲ್ಲ. 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ನಡೆದ ಪ್ರಯೋಗವೊಂದು, ಇದೂ ಸೇರಿದಂತೆ ಕೆಲವು ವರ್ಣಗಳ ಮಿಶ್ರಣ ಮಕ್ಕಳಲ್ಲಿ ಚಂಚಲತೆಯನ್ನು ಹೆಚ್ಚಿಸಬಹುದೆಂದು ಸೂಚಿಸಿತು. 2010ರಿಂದ ಐರೋಪ್ಯ ಒಕ್ಕೂಟದಲ್ಲಿ ಈ ಬಣ್ಣಗಳಿರುವ ತಿನಿಸುಗಳ ಮೇಲೆ ಅಂಥ ಎಚ್ಚರಿಕೆ ಕಡ್ಡಾಯವಾಗಿದೆ.

ಗಮ್‌ನ ಹೊರಕವಚಕ್ಕೆ ಹೊಳಪು ಬಿಳುಪು ಕೊಡಲು ಟೈಟೇನಿಯಂ ಡೈಆಕ್ಸೈಡ್, ಅಂದರೆ 171, ಬಳಕೆಯಲ್ಲಿದೆ. ವಂಶವಾಹಿಗಳಿಗೆ ಇದರಿಂದ ಹಾನಿ ಇಲ್ಲವೆಂದು ಖಚಿತವಾಗಿ ಹೇಳಲಾಗದು ಎಂಬ ಕಾರಣದಿಂದ ಐರೋಪ್ಯ ಒಕ್ಕೂಟ 2022ರಲ್ಲಿ ಇದನ್ನು ಆಹಾರದಿಂದ ಹೊರಗಿಟ್ಟಿತು. ಮೇಲೆ ಹೇಳಿದ ಜಂಟಿ ತಜ್ಞ ಸಮಿತಿಯಾದರೋ 2023ರಲ್ಲಿ ಇದನ್ನು ಮರುಪರಿಶೀಲಿಸಿ ಹೊಸ ಮಿತಿ ವಿಧಿಸುವ ಅಗತ್ಯವಿಲ್ಲವೆಂದಿತು. ತಜ್ಞರಲ್ಲೇ ಹೀಗೆ ಭಿನ್ನಾಭಿಪ್ರಾಯವಿರುವಾಗ, ಪೋಷಣೆಗೆ ಬೇಕಿಲ್ಲದ ಇಂಥ ಬಿಳುಪನ್ನು ಮಕ್ಕಳಿಂದ ದೂರವಿಡುವುದರಿಂದ ಯಾರಿಗೂ ನಷ್ಟವಿಲ್ಲ.

ಅದೇ ಅಂಗಡಿಯ ಇನ್ನೊಂದು ಭರಣಿ

ಇಷ್ಟಾದ ಮೇಲೆ ಪಾನ್‌ಠೇಲಾದ ಇನ್ನೊಂದು ಭರಣಿಯತ್ತ ತಿರುಗಬೇಕು. ಗಮ್‌ನಲ್ಲಿ ಹುಡುಕುವ ಕೃತಕ ಸಿಹಿ ಸಿಹಿ ಅಡಿಕೆಯಲ್ಲಿ ಬಹುಕಾಲದಿಂದ ಇದೆ. ಆಹಾರ ಕಲಬೆರಕೆ ತಡೆ ನಿಯಮಗಳು ಜಾರಿಯಲ್ಲಿದ್ದಾಗ ಸೋಡಾ ಪಾನೀಯಕ್ಕೆ ಸ್ಯಾಕರಿನ್‌ನ ಮಿತಿ ಹತ್ತು ಲಕ್ಷ ಭಾಗಕ್ಕೆ 100 ಭಾಗ, ಸುಪಾರಿಗೆ 4,000, ಪಾನ್ ಮಸಾಲೆಗೆ 8,000. ಸುಪಾರಿಗೆ ಸೋಡಾದ ನಲವತ್ತು ಪಟ್ಟು!

ಇದರ ಲೆಕ್ಕವನ್ನೂ ಹಾಕೋಣ. ಜಂಟಿ ತಜ್ಞ ಸಮಿತಿಯ ಪ್ರಕಾರ ಸ್ಯಾಕರಿನ್‌ನ ದೈನಿಕ ಮಿತಿ ಪ್ರತಿ ಕಿಲೋ ದೇಹತೂಕಕ್ಕೆ 5 ಮಿಲಿಗ್ರಾಮ್. 15 ಕಿಲೋ ತೂಕದ ಮಗುವಿಗೆ 75 ಮಿಲಿಗ್ರಾಮ್. 4,000ದ ಮಿತಿಯಷ್ಟೇ ಸ್ಯಾಕರಿನ್ ಹಾಕಿದ ಸುಪಾರಿಯ ಒಂದು ಗ್ರಾಮಿನಲ್ಲಿ 4 ಮಿಲಿಗ್ರಾಮ್ ಇರುತ್ತದೆ. 5 ಗ್ರಾಮಿನ ನಾಲ್ಕು ಪೊಟ್ಟಣ ತಿಂದ ಮಗು 80 ಮಿಲಿಗ್ರಾಮ್ ತಿಂದು ಮಿತಿಯನ್ನು ದಾಟಿಬಿಡುತ್ತದೆ. ಗಮ್‌ನಲ್ಲಿ ನಲವತ್ತು ತುಂಡು, ಇಲ್ಲಿ ನಾಲ್ಕೇ ಪೊಟ್ಟಣ. ತಾಯಿಯ ಕೈ ಎಸೆದದ್ದು ಯಾವುದನ್ನು, ಬಿಟ್ಟದ್ದು ಯಾವುದನ್ನು ಎಂಬುದು ಈಗ ವಿಚಾರಾರ್ಹ.

ಸ್ಯಾಕರಿನ್ ಇಲ್ಲಿ ಚಿಕ್ಕ ಪಾತ್ರಧಾರಿ. ದೊಡ್ಡ ಅಪಾಯ ಅಡಿಕೆಯಲ್ಲೇ ಇದೆ. ಆಸ್ಪರ್ಟೇಮ್ ಅನ್ನು 2ಬಿ ವರ್ಗಕ್ಕೆ ಸೇರಿಸಿದ ಅದೇ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಅಡಿಕೆಯನ್ನೂ ತಂಬಾಕು ಬೆರೆಸದ ಎಲೆಯಡಿಕೆಯನ್ನೂ 2004ರಲ್ಲಿ ಪ್ರಕಟವಾದ ತನ್ನ ಸಂಪುಟದಲ್ಲಿ ಮೊದಲನೆಯ ವರ್ಗಕ್ಕೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಸಾಲಿಗೆ ಸೇರಿಸಿದೆ. ಅಡಿಕೆಯ ಅರೆಕೋಲಿನ್ ಎಂಬ ಕ್ಷಾರ ಬಾಯಿಯ ಒಳಪದರದಲ್ಲಿ ನಾರಿನ ಅಂಶವನ್ನು ಬೆಳೆಸುತ್ತದೆ. ಕೆನ್ನೆಯ ಒಳಭಾಗ ಬಿಳಿಚಿ ಗಡುಸಾಗುತ್ತದೆ; ಖಾರ ಉರಿಯುತ್ತದೆ; ದಿನ ಕಳೆದಂತೆ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಈ ರೋಗವನ್ನು 1952ರಲ್ಲಿ ಪೂರ್ವ ಆಫ್ರಿಕದ ಭಾರತೀಯ ಮಹಿಳೆಯರಲ್ಲಿ ವೈದ್ಯರು ಗುರುತಿಸಿ ವರ್ಣಿಸಿದರು. ಇದು ಮುಂದೆ ಕ್ಯಾನ್ಸರಿಗೆ ತಿರುಗುವ ಸಂಭವವುಂಟು.

ವಿದರ್ಭದ ಖರ್ರಾ ಇದಕ್ಕಿಂತಲೂ ಘೋರ. ಅಡಿಕೆಯ ಚೂರು, ತಂಬಾಕು, ಸುಣ್ಣಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿಟ್ಟು ತಿಕ್ಕಿ ತಿಕ್ಕಿ ತಯಾರಿಸುವ ಇದರಲ್ಲಿ ಎರಡು ಖಚಿತ ಕ್ಯಾನ್ಸರ್‌ಕಾರಕಗಳು ಜೊತೆಗೂಡಿವೆ. ಪ್ರಪಂಚದಲ್ಲಿ 2022ರಲ್ಲಿ ಕಾಣಿಸಿಕೊಂಡ ಸುಮಾರು 3,89,800 ಬಾಯಿ ಕ್ಯಾನ್ಸರ್‌ಗಳ ಪೈಕಿ 1,20,200ಕ್ಕೆ ಹೊಗೆರಹಿತ ತಂಬಾಕು ಮತ್ತು ಅಡಿಕೆಯೇ ಕಾರಣವೆಂದು, ಅವುಗಳಲ್ಲಿ 83,400 ಭಾರತದವೇ ಎಂದು 2024ರಲ್ಲಿ ಲ್ಯಾನ್ಸೆಟ್ ಆಂಕಾಲಜಿ ಪತ್ರಿಕೆಯಲ್ಲಿ ಅಂದಾಜು ಪ್ರಕಟವಾಯಿತು.

ಮಹಾರಾಷ್ಟ್ರ ಸರಕಾರ 2012ರ ಜುಲೈಯಲ್ಲಿ ಗುಟ್ಕಾ ಮತ್ತು ಪಾನ್ ಮಸಾಲೆಯನ್ನು ನಿಷೇಧಿಸಿತು. ಮುಂದಿನ ಆದೇಶಗಳಲ್ಲಿ ಸುಗಂಧಿತ ತಂಬಾಕು, ಸುಗಂಧಿತ ಸುಪಾರಿ, ಖರ್ರಾಗಳೂ ಸೇರಿದುವು. ಆದರೂ ವ್ಯಾಪಾರ ನಿಂತಿಲ್ಲ. ಇಂಡೋನೇಷ್ಯದ ಅಡಿಕೆಯನ್ನು ಮ್ಯಾನ್ಮಾರ್ ಗಡಿಯ ಮೂಲಕ ಕಳ್ಳಸಾಗಣೆ ಮಾಡಿದ ಪ್ರಕರಣದಲ್ಲಿ ಜಾರಿ ನಿರ್ದೇಶನಾಲಯ 2022ರ ಡಿಸೆಂಬರಿನಲ್ಲಿ ನಾಗಪುರ ಮತ್ತು ಮುಂಬಯಿಗಳಲ್ಲಿ ಶೋಧ ನಡೆಸಿ ಸುಮಾರು 290 ಟನ್ ಅಡಿಕೆಯನ್ನು ವಶಪಡಿಸಿಕೊಂಡಿತು. ಇಂಥ ಮಾಲಿಗೆ ಸಿಹಿಯೂ ಸುಗಂಧವೂ ಸೇರಿದ ಮೇಲೆ ಒಳಗಿನ ಅಡಿಕೆ ಹಳೆಯದೋ ಬೂಷ್ಟು ಹಿಡಿದದ್ದೋ ನಾಲಗೆಗೆ ತಿಳಿಯುವುದಿಲ್ಲ.

ಅಡಿಕೆಯ ನಾಡಿನವರ ಸಂದಿಗ್ಧ

ಕನ್ನಡಿಗರಿಗೆ ಈ ಮಾತು ಕಹಿಯಾಗಿ ತೋರಿದರೆ ಆಶ್ಚರ್ಯವಿಲ್ಲ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ಕರ್ನಾಟಕ. ಶಿವಮೊಗ್ಗ, ಶಿರಸಿ, ದಕ್ಷಿಣ ಕನ್ನಡಗಳ ಅಸಂಖ್ಯ ಮನೆಗಳಲ್ಲಿ ಮಕ್ಕಳ ವಿದ್ಯಾಭ್ಯಾಸ, ಮದುವೆಗಳು ನಡೆದದ್ದು ಈ ತೋಟಗಳ ಆದಾಯದಿಂದ. ಬೆಲೆ ಕುಸಿದು ಕಂಗಾಲಾದ ಬೆಳೆಗಾರರ ರಕ್ಷಣೆಗಾಗಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸಹಕಾರ ಸಂಸ್ಥೆ ಸ್ಥಾಪನೆಯಾಯಿತು. ಆ ತೋಟಗಳ ಫಲವನ್ನು ಉಂಡು ಓದಿ, ನೌಕರಿಗಾಗಿ ನಾಗಪುರಕ್ಕೆ ಬಂದವರು ಇಲ್ಲಿಯ ಖರ್ರಾವನ್ನು ನಿಂದಿಸುವಾಗ ಒಳಗೊಳಗೇ ಅಳುಕುವುದು ಸಹಜ.

ಆದರೆ ಬೆಳೆಗಾರರ ಮೇಲಿನ ಗೌರವ ಬೇರೆ, ಸ್ವಂತ ಬಾಯಿಯ ಆರೋಗ್ಯ ಬೇರೆ. ಜಮಾ ಖರ್ಚುಗಳನ್ನು ಒಂದೇ ಕಲಮಿನಲ್ಲಿ ಬರೆದರೆ ಲೆಕ್ಕ ತಪ್ಪುತ್ತದೆ. ಪೂಜೆಯಲ್ಲಿ, ನಿಶ್ಚಿತಾರ್ಥದಲ್ಲಿ, ಹಿರಿಯರಿಗೆ ದಕ್ಷಿಣೆ ಕೊಡುವಾಗ ತಾಂಬೂಲಕ್ಕೆ ಇರುವ ಸ್ಥಾನ ಹಾಗೆಯೇ ಇರಲಿ. ಅದನ್ನು ಕೊಟ್ಟು ಕೊಳ್ಳುವುದರಿಂದ ಯಾರಿಗೂ ರೋಗ ಬರುವುದಿಲ್ಲ. ದಿನವೂ ಅಗಿಯುವುದರಿಂದ ಬರುತ್ತದೆ.

ಮನೆಯಲ್ಲಿ ಪಾಲಿಸಬಹುದಾದದ್ದು

ಮಕ್ಕಳಿಗೆ ಗಮ್ ನಿತ್ಯದ ತಿಂಡಿಯಾಗಬಾರದು. ಎಂದಾದರೊಮ್ಮೆ ಒಂದು ತುಂಡು ಅಗಿದರೆ ಗಾಬರಿಯೂ ಬೇಡ. ತೀರ ಚಿಕ್ಕ ಮಕ್ಕಳಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವಿರುವುದರಿಂದ ಕೊಡಲೇಬಾರದು. ದೊಡ್ಡವರು ಊಟದ ನಂತರ ಸಕ್ಕರೆರಹಿತ ಗಮ್ ಒಂದನ್ನು ಅಗಿದರೆ ಜೊಲ್ಲು ಹೆಚ್ಚಾಗಿ ಹಲ್ಲಿಗೆ ಸ್ವಲ್ಪ ಅನುಕೂಲವೇ ಆಗುತ್ತದೆ. ಕಾರಣವಿಲ್ಲದೆ ಭೇದಿ ಕಾಡುತ್ತಿದ್ದರೆ ದಿನಕ್ಕೆ ಎಷ್ಟು ಗಮ್ ಅಗಿಯುತ್ತೇವೆಂಬುದನ್ನು ವೈದ್ಯರಿಗೆ ತಿಳಿಸಬೇಕು. ಸಿಹಿ ಸುಪಾರಿಯನ್ನು, ಮದುವೆಯ ತಟ್ಟೆಯಲ್ಲಿ ಬಂದರೂ, ಮಕ್ಕಳ ಕೈಗೆ ಕೊಡಬಾರದು. ಅದರ ಬದಲು ಸೋಂಪು, ಕಲ್ಲುಸಕ್ಕರೆ ಇಡಬಹುದು.

ಖರ್ರಾ ಬಿಡಲು ನಿರ್ಧರಿಸಿದವರಿಗೆ ಗಮ್ಮೇ ನೆರವಾಗಬಲ್ಲದೆಂಬುದು ಕುತೂಹಲದ ಸಂಗತಿ. 2 ಮತ್ತು 4 ಮಿಲಿಗ್ರಾಮಿನ ನಿಕೋಟಿನ್ ಗಮ್ ಔಷಧದಂಗಡಿಗಳಲ್ಲಿ ದೊರೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು 2009ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಇದನ್ನು ಸತತವಾಗಿ ಅಗಿಯದೆ, ನಾಲ್ಕಾರು ಸಲ ಅಗಿದು ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಬೇಕು. ತಂಬಾಕಿನ ಚಟವಿಲ್ಲದವರು ಇದನ್ನು ಮುಟ್ಟಬಾರದು. ವೈದ್ಯರ ಸಲಹೆಯಂತೆ ಬಳಸಿದರೆ ಅದರಲ್ಲಿರುವ ಕೃತಕ ಸಿಹಿಗೆ ಅಂಜಬೇಕಾಗಿಲ್ಲ. ಬಿಡುತ್ತಿರುವ ವಸ್ತುವಿನ ಮುಂದೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಎಲೆಯಡಿಕೆ ಅಥವಾ ಖರ್ರಾದ ಅಭ್ಯಾಸವಿರುವವರು ತಿಂಗಳಿಗೊಮ್ಮೆ ಕನ್ನಡಿಯ ಮುಂದೆ ನಿಂತು ಬಾಯಿ ತೆರೆದು ನೋಡಿಕೊಳ್ಳಬೇಕು. ತಮ್ಮದೇ ಮೂರು ಬೆರಳುಗಳು ಒಂದರ ಮೇಲೊಂದು ಹಲ್ಲುಗಳ ನಡುವೆ ಸೇರದಿದ್ದರೆ, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಎರಡು ವಾರವಾದರೂ ಮಾಯದ ಹುಣ್ಣಿದ್ದರೆ ತಡಮಾಡದೆ ದಂತವೈದ್ಯರನ್ನು ಕಾಣಬೇಕು. ನಾಗಪುರದ ಸರಕಾರಿ ದಂತ ಮಹಾವಿದ್ಯಾಲಯದ ಆಸ್ಪತ್ರೆಯಲ್ಲಿ ಬಾಯಿಯ ತಪಾಸಣೆ ನಡೆಯುತ್ತದೆ. ಆರಂಭದಲ್ಲೇ ಗುರುತಿಸಿದ ಬಾಯಿಯ ಕ್ಯಾನ್ಸರನ್ನು ಗುಣಪಡಿಸುವ ಸಾಧ್ಯತೆ ಹೆಚ್ಚು.

ಆ ಮನೆಯ ಮಗಳ ಪ್ರಶ್ನೆಗೆ ಈಗ ತಾಯಿ ಉತ್ತರ ಕೊಡಬಲ್ಲಳು. ಗಮ್‌ನ ಪೊಟ್ಟಣವನ್ನು ಎಸೆದದ್ದು ತಪ್ಪೇನಲ್ಲ; ಆದರೆ ಮೊದಲು ಎತ್ತಿಡಬೇಕಾಗಿದ್ದದ್ದು ಚಿಕ್ಕಪ್ಪನ ಜೇಬಿನ ಪುಡಿಕೆಯನ್ನು. ಅಜ್ಜನ ತಟ್ಟೆಯ ವಿಷಯ ಕಷ್ಟದ್ದು. ಅರುವತ್ತು ವರ್ಷಗಳ ಅಭ್ಯಾಸವನ್ನು ಸೊಸೆ ಕಸಿದುಕೊಳ್ಳಲಾರಳು. "ಮಾವ, ಒಂದು ಸಲ ಡಾಕ್ಟರಿಗೆ ಬಾಯಿ ತೋರಿಸಿಕೊಂಡು ಬರೋಣ" ಎಂದಷ್ಟೇ ಅವಳು ಕೇಳಬಹುದು. ಮೊಮ್ಮಗಳೂ ಜೊತೆಗೆ ಹೊರಟು ನಿಂತರೆ ಅಜ್ಜ ಇಲ್ಲವೆನ್ನಲಾರರು.